ಕೆಲ್ಪ್ ಮಾತ್ರೆಯ ಪ್ರಕರಣ: ತಾಳೆಯಾಗದ ಆರ್ಸೆನಿಕ್ ಲೆಕ್ಕ

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಔದ್ಯೋಗಿಕ ಆರೋಗ್ಯ ಚಿಕಿತ್ಸಾಲಯಕ್ಕೆ 54 ವರ್ಷದ ಮಹಿಳೆಯೊಬ್ಬರು ಬಂದಾಗ ಅವರ ಕಾಯಿಲೆಗೆ ಎರಡು ವರ್ಷ ತುಂಬಿತ್ತು. ಕೂದಲು ಉದುರುತ್ತಿತ್ತು, ಮರೆವು ಹೆಚ್ಚುತ್ತಿತ್ತು. ಮೈಮೇಲೆ ದದ್ದು, ವಾಕರಿಕೆ, ವಾಂತಿ, ಏನು ಮಾಡಿದರೂ ಹೋಗದ ಸುಸ್ತು. ಒಂದು ಹಂತದಲ್ಲಿ ತಮ್ಮ ಮನೆಯ ವಿಳಾಸವನ್ನೇ ನೆನಪಿಸಿಕೊಳ್ಳಲಾಗದ ಸ್ಥಿತಿ ತಲುಪಿದ್ದರು. ಪೂರ್ಣಾವಧಿ ಕೆಲಸ ಕೈಬಿಟ್ಟಿತ್ತು. ಅವರಿವರ ಬಳಿ ತೋರಿಸಿದ್ದಾಗಿತ್ತು, ಕಾರಣ ಮಾತ್ರ ಸಿಕ್ಕಿರಲಿಲ್ಲ.

ಡೇವಿಸ್‌ನ ವೈದ್ಯರು ಮಾಡಿದ ಮೊದಲ ಒಳ್ಳೆಯ ಕೆಲಸವೆಂದರೆ, ಆಕೆ ದಿನವೂ ಏನೇನು ಸೇವಿಸುತ್ತಾರೆ, ಯಾವ ಯಾವ ವಸ್ತುಗಳ ಸಂಪರ್ಕಕ್ಕೆ ಬರುತ್ತಾರೆ ಎಂದು ಒಂದೊಂದನ್ನೂ ಬಿಡದೆ ಕೇಳಿದ್ದು. ಹೊರಬಿದ್ದದ್ದು ಒಂದೇ ವಸ್ತು: ಕೆಲ್ಪ್ ಮಾತ್ರೆ. ತಂಪು ಸಮುದ್ರಗಳ ಬಂಡೆಗಳ ಮೇಲೆ ಉದ್ದಕ್ಕೆ ಬೆಳೆಯುವ ಕಂದು ಕಡಲಕಳೆಯನ್ನು ಒಣಗಿಸಿ ಪುಡಿ ಮಾಡಿದ, ಆರೋಗ್ಯ ಆಹಾರದ ಅಂಗಡಿಗಳಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಮಾತ್ರೆ. ಆಕೆ ಮೊದಲು ದಿನಕ್ಕೆ ಎರಡು ನುಂಗುತ್ತಿದ್ದರು. ಸುಸ್ತು, ಮರೆವು ಶುರುವಾದ ಮೇಲೆ ಅದನ್ನು ನಾಲ್ಕಕ್ಕೆ ಏರಿಸಿದರು. ಇದರಲ್ಲಿ ಅವರನ್ನು ಹಂಗಿಸುವಂಥದ್ದೇನೂ ಇಲ್ಲ. ‘ನೈಸರ್ಗಿಕ’ ಎಂದು ಬರೆದ ಡಬ್ಬಿಯನ್ನು ಸಂಶಯಿಸುವ ಅಭ್ಯಾಸ ಯಾವ ಊರಿನಲ್ಲೂ ಇಲ್ಲ. ಮೈ ಸರಿಯಿಲ್ಲದಾಗ ‘ಒಳ್ಳೆಯದನ್ನು’ ಇನ್ನಷ್ಟು ತೆಗೆದುಕೊಳ್ಳೋಣ ಎಂದುಕೊಳ್ಳುವವರು ನಮ್ಮಲ್ಲೂ ಮನೆಗೊಬ್ಬರು ಸಿಗುತ್ತಾರೆ.

ಮೂತ್ರ ಪರೀಕ್ಷೆಯಲ್ಲಿ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ 83.6 ಮೈಕ್ರೋಗ್ರಾಂ ಆರ್ಸೆನಿಕ್ ಕಂಡಿತು. (ಕ್ರಿಯಾಟಿನಿನ್ ಎಂದರೆ ದೇಹ ದಿನವೂ ಮೂತ್ರಕ್ಕೆ ಬಿಡುವ ಒಂದು ತ್ಯಾಜ್ಯ, ಮೂತ್ರ ಎಷ್ಟು ತೆಳುವಾಗಿದ್ದರೂ ಹೋಲಿಕೆಗೆ ಒದಗುವ ಅಳತೆಗೋಲು.) ಪ್ರಯೋಗಾಲಯದ ಪ್ರಕಾರ ಆರ್ಸೆನಿಕ್ 50ರ ಒಳಗಿರಬೇಕಿತ್ತು. ಮಾತ್ರೆಯನ್ನು ಪರೀಕ್ಷೆಗೆ ಕಳಿಸಿದಾಗ ಕಿಲೋಗೆ 8.5 ಮಿಲಿಗ್ರಾಂ ಆರ್ಸೆನಿಕ್ ಸಿಕ್ಕಿತು. ಮಾತ್ರೆ ನಿಲ್ಲಿಸಿ ಎಂದರು. ಕೆಲವೇ ವಾರಗಳಲ್ಲಿ ತೊಂದರೆಗಳು ಹೋದವು. ಆಮೇಲಿನ ಪರೀಕ್ಷೆಗಳಲ್ಲಿ ರಕ್ತ, ಮೂತ್ರ ಎರಡರಲ್ಲೂ ಆರ್ಸೆನಿಕ್ ಕಾಣಲಿಲ್ಲ.

ಎರಿಕ್ ಆಮ್‌ಸ್ಟರ್, ಆಶೀಶ್ ತಿವಾರಿ, ಮಾರ್ಕ್ ಶೆಂಕರ್ ಎಂಬ ಮೂವರು ಇದನ್ನು 2007ರಲ್ಲಿ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್‌ಸ್ಪೆಕ್ಟಿವ್ಸ್’ ಪತ್ರಿಕೆಯಲ್ಲಿ ಬರೆದರು. ಒಬ್ಬ ರೋಗಿಯ ಕಥೆಗೇ ಅವರು ನಿಲ್ಲಲಿಲ್ಲ. ಸುತ್ತಲಿನ ಅಂಗಡಿಗಳಿಂದ ಒಂಬತ್ತು ಬಗೆಯ ಕೆಲ್ಪ್ ತಂದು ಪರೀಕ್ಷಿಸಿದರು. ಎಂಟರಲ್ಲಿ ಆರ್ಸೆನಿಕ್ ಪ್ರಮಾಣ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕೆಲವು ಆಹಾರಗಳಿಗೆ ಇಟ್ಟಿದ್ದ 0.5ರಿಂದ 2 ಪಿಪಿಎಂ (ಎಂದರೆ ಕಿಲೋಗೆ ಅಷ್ಟು ಮಿಲಿಗ್ರಾಂ) ಮಿತಿಗಿಂತ ಮೇಲಿತ್ತು. ಒಂಬತ್ತರಲ್ಲಿ ಒಂದರ ಮೇಲೂ ಎಚ್ಚರಿಕೆಯ ಒಂದು ಸಾಲು ಇರಲಿಲ್ಲ. 1994ರ ಪೂರಕ ಆಹಾರ ಕಾಯ್ದೆ ಇಂಥ ಮಾತ್ರೆಗಳನ್ನು ಮಾರುಕಟ್ಟೆಗೆ ಬರುವ ಮುನ್ನ ಪರೀಕ್ಷಿಸುವ ಹೊರೆಯಿಂದ ಬಿಡಿಸಿದೆ ಎಂಬುದು ಲೇಖಕರ ದೂರು. ದೂರು ನ್ಯಾಯವಾದದ್ದೇ.

ಸುದ್ದಿ ಹರಡಿತು. ‘ಕಡಲಕಳೆಯಲ್ಲಿ ವಿಷ’ ಎಂಬ ಶೀರ್ಷಿಕೆಗೆ ಓದುಗರ ಕೊರತೆ ಎಂದೂ ಇಲ್ಲ. ತಿನ್ನುವವರ ಜೊತೆಗೆ, ಅದೇ ಕೆಲ್ಪ್ ಹಿಟ್ಟನ್ನು ತರಕಾರಿ ಮಡಿಗೆ ಹಾಕುವವರೂ ಗಾಬರಿಯಾದರು. ಆದರೆ ಲೇಖನ ಬಂದ ಮೇಲೆ ಅದೇ ಪತ್ರಿಕೆಗೆ ಆಕ್ಷೇಪದ ಪತ್ರಗಳೂ ಬಂದವು. ಆಕ್ಷೇಪಿಸಿದವರಲ್ಲಿ ಉದ್ಯಮದ ಪರ ಇದ್ದವರೂ ಇದ್ದರು, ನಿಜ. ಹಾಗೆಂದು ಕೂಡು–ಗುಣಾಕಾರ ಪಕ್ಷ ವಹಿಸುವುದಿಲ್ಲ. ನಾವೇ ಒಮ್ಮೆ ಲೆಕ್ಕ ಹಾಕಿ ನೋಡಬಹುದು.

ಒಂದು ಮಾತ್ರೆ ಒಂದು ಗ್ರಾಂ ತೂಗುತ್ತದೆ ಎಂದೇ ಹಿಡಿಯೋಣ. ಅಂಗಡಿಯ ಕೆಲ್ಪ್ ಮಾತ್ರೆ ಸಾಮಾನ್ಯವಾಗಿ ಅದಕ್ಕಿಂತ ಹಗುರ, ಆದರೂ ಆರೋಪಕ್ಕೆ ಅನುಕೂಲವಾಗಲಿ ಎಂದು ಧಾರಾಳವಾಗಿಯೇ ಹಿಡಿಯೋಣ. ಕಿಲೋಗೆ 8.5 ಮಿಲಿಗ್ರಾಂ ಎಂದರೆ ಗ್ರಾಂಗೆ 8.5 ಮೈಕ್ರೋಗ್ರಾಂ. ನಾಲ್ಕು ಮಾತ್ರೆಗೆ 34 ಮೈಕ್ರೋಗ್ರಾಂ. ಇದು ದಿನಕ್ಕೆ ಒಳಗೆ ಹೋಗುವ ಆರ್ಸೆನಿಕ್. ಹೊರಗೆ ಬರುವುದೆಷ್ಟು? ವಯಸ್ಕ ಮಹಿಳೆಯೊಬ್ಬರು ದಿನಕ್ಕೆ ಸುಮಾರು ಒಂದು ಗ್ರಾಂ ಕ್ರಿಯಾಟಿನಿನ್ ವಿಸರ್ಜಿಸುತ್ತಾರೆ. ಗ್ರಾಂಗೆ 83.6ರಂತೆ ದಿನಕ್ಕೆ 80 ಮೈಕ್ರೋಗ್ರಾಂ ಮೇಲೆಯೇ ಆಯಿತು. ಜಮೆಗಿಂತ ಖರ್ಚು ಎರಡು ಪಟ್ಟಿಗೂ ಹೆಚ್ಚು! ಇಡೀ ಮಾತ್ರೆಯ ಆರ್ಸೆನಿಕ್ ಒಂದು ಕಣವೂ ಉಳಿಯದೆ ಮೂತ್ರಕ್ಕೆ ಬಂತೆಂದರೂ ಲೆಕ್ಕ ಕೂಡುವುದಿಲ್ಲ. ಮೂತ್ರದಲ್ಲಿದ್ದ ಆರ್ಸೆನಿಕ್‌ನ ದೊಡ್ಡ ಪಾಲು ಬೇರೆ ಎಲ್ಲಿಂದಲೋ ಬಂದಿರಬೇಕು. ಮೀನು, ಸಿಗಡಿ, ಅಕ್ಕಿ, ಕುಡಿಯುವ ನೀರು, ಹೀಗೆ ಶಂಕಿತರ ಸಾಲು ಉದ್ದವಿದೆ.

ಹೋಲಿಕೆಗೆ ಇನ್ನೊಂದು ಅಂಕಿ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 10 ಮೈಕ್ರೋಗ್ರಾಂ. ದಿನಕ್ಕೆ ಎರಡು ಲೀಟರ್ ಕುಡಿಯುವವರಿಗೆ ಇಪ್ಪತ್ತು ಮೈಕ್ರೋಗ್ರಾಂ ಹೋಗಬಹುದು, ಅದೂ ಅತ್ಯಂತ ಕೆಟ್ಟ ರೂಪದ ಆರ್ಸೆನಿಕ್. ಮಾತ್ರೆಯ 34 ಅದರ ಎರಡು ಪಟ್ಟೂ ಅಲ್ಲ, ಮತ್ತು ಅದರ ಬಹುಪಾಲು ಆ ಕೆಟ್ಟ ರೂಪದ್ದಲ್ಲ.

ಇನ್ನು ಆ 0.5–2 ಪಿಪಿಎಂ ಮಿತಿ. ಅದು ಕೋಳಿ ಮತ್ತು ಹಂದಿ ಮಾಂಸದ ಮಿತಿ. ಅಮೆರಿಕದಲ್ಲಿ ಕೋಳಿಗಳ ಮೇವಿನಲ್ಲಿ ಆರ್ಸೆನಿಕ್ ಇರುವ ಔಷಧಗಳನ್ನು ಬೆರೆಸುವ ಪದ್ಧತಿ ಇತ್ತು. ಹಾಗೆ ಸಾಕಿದ ಪ್ರಾಣಿಯ ಮಾಂಸದಲ್ಲಿ ಎಷ್ಟು ಉಳಿದರೆ ಸಹಿಸಬಹುದು ಎಂದು ಗೊತ್ತುಪಡಿಸಿದ ಅಂಕಿ ಅದು. ಕಾಲು ಕಿಲೋ ಲೆಕ್ಕದಲ್ಲಿ ತಿನ್ನುವ ಮಾಂಸದ ಅಳತೆಗೋಲನ್ನು ಗ್ರಾಂ ಲೆಕ್ಕದಲ್ಲಿ ನುಂಗುವ ಮಾತ್ರೆಗೆ ಹಿಡಿದರೆ ಎಂಟಲ್ಲ, ಒಂಬತ್ತೂ ಅನುತ್ತೀರ್ಣವಾದರೂ ಆಶ್ಚರ್ಯವಿಲ್ಲ. (ಆ ಕೋಳಿ ಔಷಧಗಳೇ 2015ರ ಹೊತ್ತಿಗೆ ಅಲ್ಲಿ ಬಳಕೆಯಿಂದ ಹೋದವು, ಅದು ಬೇರೆ ಮಾತು.)

ಲೇಖನ ಆ ಮಾತ್ರೆಯನ್ನು ಕಲುಷಿತವೆಂದು ಕಾಣುತ್ತದೆ, ಎಲ್ಲೋ ಕಾರ್ಖಾನೆಯ ಕೊಳೆ ನೀರು ಸೇರಿತೇನೋ ಎಂಬ ಭಾವನೆ ಬರುತ್ತದೆ. ಅಂಥದ್ದು ನಡೆದಿರಬೇಕಿಲ್ಲ. ಶುದ್ಧ ಸಮುದ್ರದ ನೀರಿನಲ್ಲೇ ಲೀಟರಿಗೆ ಒಂದೂವರೆ ಎರಡು ಮೈಕ್ರೋಗ್ರಾಂ ಆರ್ಸೆನಿಕ್ ಇರುತ್ತದೆ. ಅದು ಇರುವ ರೂಪ ಆರ್ಸೆನೇಟ್, ನೋಡಲು ಹೆಚ್ಚುಕಡಿಮೆ ಫಾಸ್ಫೇಟ್‌ನಂತೆಯೇ. ರಂಜಕಕ್ಕಾಗಿ ಹಸಿದ ಕಡಲಕಳೆ ಫಾಸ್ಫೇಟ್ ಒಳಗೆಳೆಯುವ ಬಾಗಿಲಿನಿಂದಲೇ ಆರ್ಸೆನೇಟ್ ಕೂಡ ಒಳನುಗ್ಗುತ್ತದೆ. ಒಳಬಂದ ವಿಷವನ್ನು ಕಳೆ ಸುಮ್ಮನೆ ಇಟ್ಟುಕೊಳ್ಳುವುದಿಲ್ಲ. ಅದಕ್ಕೆ ಮೀಥೈಲ್ ಗುಂಪುಗಳನ್ನು ಜೋಡಿಸಿ, ಸಕ್ಕರೆಯ ಅಣುವಿಗೆ ಕಟ್ಟಿಹಾಕಿ, ಆರ್ಸೆನೋಶುಗರ್ ಎಂಬ ನಿರುಪದ್ರವಿಗೆ ಹತ್ತಿರದ ರೂಪಕ್ಕೆ ತರುತ್ತದೆ. ಒಣಗಿದ ಕಂದು ಕಳೆಗಳಲ್ಲಿ ಕಿಲೋಗೆ 20ರಿಂದ 100 ಮಿಲಿಗ್ರಾಂ ಒಟ್ಟು ಆರ್ಸೆನಿಕ್ ಸರ್ವೇಸಾಮಾನ್ಯ. ಹಾಗೆ ನೋಡಿದರೆ 8.5 ಕಡಿಮೆಯೇ! ಐರೋಪ್ಯ ಒಕ್ಕೂಟ ಪಶು ಆಹಾರಕ್ಕೆ ಬಳಸುವ ಕಡಲಕಳೆ ಹಿಟ್ಟಿಗೆ ಕಿಲೋಗೆ 40 ಮಿಲಿಗ್ರಾಂ ಒಟ್ಟು ಆರ್ಸೆನಿಕ್‌ಗೆ ಅವಕಾಶ ಕೊಟ್ಟಿರುವುದು ಇದೇ ಕಾರಣಕ್ಕೆ. ಆದರೆ ಅದರೊಳಗಿನ ನಿರವಯವ ರೂಪ, ಎಂದರೆ ಮೇಲೆ ಹೇಳಿದ ಕೆಟ್ಟ ರೂಪ, 2 ಮಿಲಿಗ್ರಾಂ ಒಳಗಿದೆ ಎಂದು, ಕೇಳಿದಾಗ, ತೋರಿಸಬೇಕು. ಮನುಷ್ಯರು ತಿನ್ನುವ ಕಡಲಕಳೆಗೆ ಫ್ರಾನ್ಸ್ ಒಟ್ಟು ಆರ್ಸೆನಿಕ್ ಕೇಳುವುದೇ ಇಲ್ಲ, ನಿರವಯವ ರೂಪ ಒಣ ತೂಕದಲ್ಲಿ ಕಿಲೋಗೆ 3 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ.

ಆರ್ಸೆನೋಶುಗರ್ ಪೂರ್ತಿ ಸಜ್ಜನ ಎಂದೇನೂ ನಾನು ವಕಾಲತ್ತು ವಹಿಸುತ್ತಿಲ್ಲ. ನಮ್ಮ ದೇಹ ಅದನ್ನು ಒಡೆದು ಬೇರೆ ಬೇರೆ ರೂಪಗಳಾಗಿಸುತ್ತದೆ, ಅವುಗಳ ದೀರ್ಘಕಾಲದ ಪರಿಣಾಮದ ಬಗ್ಗೆ ವಿಜ್ಞಾನಿಗಳು ಇನ್ನೂ ಕೆಲಸ ಮಾಡುತ್ತಿದ್ದಾರೆ. ಆದರೆ ಡೇವಿಸ್ ಪ್ರಕರಣದಲ್ಲಿ ಅಳೆದದ್ದು ಒಟ್ಟು ಆರ್ಸೆನಿಕ್ ಮಾತ್ರ. ರೂಪ ಬೇರ್ಪಡಿಸದೆ ಒಟ್ಟು ಅಳೆದರೆ ಮಲ್ಪೆಯಲ್ಲೋ ಕಾರವಾರದಲ್ಲೋ ರಾತ್ರಿ ಬಂಗುಡೆ ಸಾರು ಉಂಡವರ ಮೂತ್ರದಲ್ಲೂ ಅಂಕಿ ಜಿಗಿದಿರುತ್ತದೆ. ಮೀನಿನಲ್ಲಿರುವುದು ಆರ್ಸೆನೋಬೀಟೈನ್, ಬಂದ ದಾರಿಯಲ್ಲೇ ಎರಡು ಮೂರು ದಿನದಲ್ಲಿ ಹೋಗುತ್ತದೆ. ಅದಕ್ಕಾಗಿಯೇ ಆರ್ಸೆನಿಕ್ ಪರೀಕ್ಷೆಗೆ ಮೊದಲು ಕೆಲವು ದಿನ ಕಡಲ ಆಹಾರ ಬಿಟ್ಟಿರಿ ಎನ್ನುತ್ತಾರೆ.

ನಿಜವಾದ ಆರ್ಸೆನಿಕ್ ಬಾಧೆ ಹೇಗಿರುತ್ತದೆ ಎಂಬುದಕ್ಕೆ ಕರ್ನಾಟಕದ ಓದುಗರು ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಿಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಗಾರಿಕೆಯ ಪ್ರದೇಶದಲ್ಲಿ, ಕೊಳವೆಬಾವಿಯ ನೀರಿನ ಆರ್ಸೆನಿಕ್ ಜನರ ಚರ್ಮದ ಮೇಲೆ ಬರೆದುಕೊಂಡಿತ್ತು. ಅಂಗೈ, ಅಂಗಾಲು ಗಂಟುಗಂಟಾಗಿ ಒರಟಾಗುವುದು, ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಕಪ್ಪು ಬಿಳಿ ಚುಕ್ಕೆ ಏಳುವುದು, ಇವು ನಿರವಯವ ಆರ್ಸೆನಿಕ್ ವರ್ಷಗಟ್ಟಲೆ ಒಳಹೋದಾಗಿನ ಗುರುತುಗಳು. ಕಡಲಕಳೆಗಳಲ್ಲೂ ಇಂಥ ಕೆಟ್ಟ ರೂಪವನ್ನೇ ತುಂಬಿಕೊಂಡ ಒಂದು ಬಗೆ ಇದೆ: ಜಪಾನಿನ ಹಿಜಿಕಿ. ಕಪ್ಪು ದಾರದ ತುಣುಕುಗಳಂತೆ ಕಾಣುವ ಇದರ ಆರ್ಸೆನಿಕ್‌ನ ಹೆಚ್ಚಿನ ಪಾಲು ನಿರವಯವ. 2001ರಲ್ಲಿ ಕೆನಡಾ, 2004ರಲ್ಲಿ ಬ್ರಿಟನ್ ಇದನ್ನು ತಿನ್ನಬೇಡಿ ಎಂದು ತಮ್ಮ ಜನರಿಗೆ ಹೇಳಿದವು. ಜಪಾನಿನಲ್ಲಿ ಈಗಲೂ ನೆನೆಸಿ, ಕುದಿಸಿ, ನೀರು ಚೆಲ್ಲಿ ತಿನ್ನುತ್ತಾರೆ. ಹಿಜಿಕಿ ಸರ್ಗಾಸಮ್ ಕುಲದ್ದು. ಅದೇ ಕುಲದ ಬೇರೆ ಪ್ರಭೇದಗಳು ನಮ್ಮ ಉತ್ತರ ಕನ್ನಡದ ಬಂಡೆಗಳ ಮೇಲೆ, ಚಿಕ್ಕ ಗಾಳಿಗುಳ್ಳೆಗಳನ್ನು ಹೊತ್ತು, ಅಲೆಗೆ ತೂಗುತ್ತಿರುತ್ತವೆ. ಅಡುಗೆ ಪ್ರಯೋಗಪ್ರಿಯರು ಅವುಗಳ ಗೋಜಿಗೆ ಹೋಗದಿರುವುದು ಲೇಸು.

ಹಾಗಾದರೆ ಆ ಮಹಿಳೆ ಮಾತ್ರೆ ಬಿಟ್ಟೊಡನೆ ಸುಧಾರಿಸಿದ್ದು ಸುಳ್ಳೇ? ಅಲ್ಲ. ಈ ಪ್ರಕರಣ ಓದಿದವರು ಎಡವುವುದು ಇಲ್ಲಿಯೇ. ಮಾತ್ರೆ ನಿಲ್ಲಿಸಿದಾಗ ಕಾಯಿಲೆ ನಿಂತಿತು ಎಂಬುದು ಡಬ್ಬಿಯ ಮೇಲೆ ಆರೋಪ ಹೊರಿಸುತ್ತದೆ, ಡಬ್ಬಿಯೊಳಗಿನ ಯಾವ ಪದಾರ್ಥದ ಮೇಲೆ ಎಂದು ಹೇಳುವುದಿಲ್ಲ. ನಿಲ್ಲಿಸಿದ್ದು ಆರ್ಸೆನಿಕ್ ಒಂದನ್ನೇ ಅಲ್ಲವಲ್ಲ. ಕೂದಲು ಉದುರುವುದು, ಸುಸ್ತು, ಮರೆವು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಈ ಪಟ್ಟಿಯನ್ನು ಹೆಸರು ಮುಚ್ಚಿ ಯಾವುದೇ ವೈದ್ಯರ ಮುಂದಿಡಿ, ಅವರ ಬಾಯಿಂದ ಮೊದಲು ಬರುವ ಪದ ಥೈರಾಯ್ಡ್. ಆ ಗ್ರಂಥಿ ಹಾರ್ಮೋನ್ ತಯಾರಿಸುವುದು ಅಯೋಡಿನ್ ಬಳಸಿ, ಕೆಲ್ಪ್ ಎಂದರೆ ಅಯೋಡಿನ್‌ನ ಗಣಿ. ಆಕೆಗೆ ಆದದ್ದು ಥೈರಾಯ್ಡ್ ತೊಂದರೆಯೇ ಎಂದು ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ಕೆಲ್ಪ್ ನುಂಗುವವರೊಬ್ಬರು ಇಂಥ ದೂರು ಹೊತ್ತು ಬಂದರೆ ಆರ್ಸೆನಿಕ್‌ಗಿಂತ ಮೊದಲು ಅಯೋಡಿನ್‌ನ ಬಾಗಿಲು ತಟ್ಟಬೇಕು.

ಏಕೆಂದರೆ ಅಯೋಡಿನ್ ವಿಷಯದಲ್ಲಿ ಅನುಮಾನಕ್ಕೆ ಎಡೆಯಿಲ್ಲ, ಪುರಾವೆಗಳಿವೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 150 ಮೈಕ್ರೋಗ್ರಾಂ. ಗರಿಷ್ಠ ಮಿತಿ ಅಮೆರಿಕದಲ್ಲಿ 1100, ಯೂರೋಪಿನಲ್ಲಿ 600. ಅಮೆರಿಕದ ಮಾರುಕಟ್ಟೆಯ ಕಡಲಕಳೆಗಳನ್ನು ಅಳೆದು 2004ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ನೋರಿಯಲ್ಲಿ, ಎಂದರೆ ಸುಶಿಗೆ ಸುತ್ತುವ ತೆಳು ಹಾಳೆಯಲ್ಲಿ, ಗ್ರಾಂಗೆ 16 ಮೈಕ್ರೋಗ್ರಾಂ ಇದ್ದರೆ, ಉಪ್ಪಿನ ಬದಲಿಗೆ ಉದುರಿಸಲು ಮಾರುವ ಕೆಲ್ಪ್ ಹರಳಿನಲ್ಲಿ 8165 ಇತ್ತು. ಇದರ ಒಂದು ಗ್ರಾಂ ಅಮೆರಿಕದ ಗರಿಷ್ಠ ಮಿತಿಯ ಏಳು ಪಟ್ಟು! ಒಂದೇ ‘ಕಡಲಕಳೆ’ ಎಂಬ ಹೆಸರಿನಡಿ ಐನೂರು ಪಟ್ಟು ಅಂತರ.

ಆರೋಗ್ಯವಂತ ಥೈರಾಯ್ಡ್ ಅಯೋಡಿನ್‌ನ ಮಹಾಪೂರ ಬಂದಾಗ ತಾನೇ ಹಾರ್ಮೋನ್ ತಯಾರಿಕೆ ನಿಲ್ಲಿಸಿ, ಕೆಲವು ದಿನಗಳಲ್ಲಿ ಹೊಂದಿಕೊಂಡು ಮತ್ತೆ ಶುರುಮಾಡುತ್ತದೆ. 1948ರಲ್ಲಿ ಇದನ್ನು ಕಂಡುಕೊಂಡ ವುಲ್ಫ್ ಮತ್ತು ಚೈಕಾಫ್ ಹೆಸರು ಈಗಲೂ ಪಠ್ಯಗಳಲ್ಲಿದೆ. ಎಲ್ಲರ ಗ್ರಂಥಿಯೂ ಹೀಗೆ ಹೊಂದಿಕೊಳ್ಳುವುದಿಲ್ಲ. ಹಶಿಮೊಟೊ ಎಂಬ ಥೈರಾಯ್ಡ್ ಕಾಯಿಲೆ ಇರುವವರದು, ಗರ್ಭದಲ್ಲಿರುವ ಶಿಶುವಿನದು ನಿಂತದ್ದು ನಿಂತೇಬಿಡಬಹುದು. ಹಳೆಯ ಗಂಟುಗಳಿರುವ ಗಳಗಂಡದವರಲ್ಲಿ ಇದಕ್ಕೆ ತಿರುವುಮುರುವಾಗಿ ಗ್ರಂಥಿ ಹದ್ದುಮೀರಿ ಓಡತೊಡಗುತ್ತದೆ: ಎದೆ ಡವಡವ, ತೂಕ ಇಳಿಕೆ, ಕೈನಡುಕ. ಉಪ್ಪಿಗೆ ಅಯೋಡಿನ್ ಬೆರೆಸಿ ಗಳಗಂಡ ತಡೆಯುವುದು ನಮಗೆ ಗೊತ್ತು. ಜಪಾನಿನ ಹೊಕ್ಕೈಡೊ ಕರಾವಳಿಯಲ್ಲಿ ಅಯೋಡಿನ್ ಹೆಚ್ಚಾಗಿಯೇ ಗಳಗಂಡ ಬಂದದ್ದು 1965ರಲ್ಲಿ ವರದಿಯಾಯಿತು. ಅಲ್ಲಿನವರು ಕೊಂಬು ಎಂಬ ಕೆಲ್ಪ್ ಅನ್ನು ಯಥೇಚ್ಛ ತಿನ್ನುತ್ತಿದ್ದರು.

ಕೊಂಬು ಎಂದರೆ ಅಂಗೈಯಗಲದ, ಚರ್ಮದಂತೆ ಬಿರುಸಾದ, ಮೇಲೆ ಬಿಳಿ ಪುಡಿ ಕೂತ ಪಟ್ಟಿ. ಜಪಾನೀ ಅಡುಗೆಯಲ್ಲಿ ಸಾರಿನ ತಳಹದಿಯೇ ಇದು. ಹದಿನೈದು ನಿಮಿಷ ಕುದಿಸಿದರೆ ಇದರ ಅಯೋಡಿನ್‌ನಲ್ಲಿ ಶೇ 99ರವರೆಗೂ ನೀರಿಗೆ ಇಳಿದುಬಿಡುತ್ತದೆ. ಎಲೆ ತಿಂದವರಿಗಿಂತ ನೀರು ಕುಡಿದವರಿಗೆ ಅಪಾಯ ಹೆಚ್ಚು. ಇದು ಆಸ್ಟ್ರೇಲಿಯಾದಲ್ಲಿ ದುಬಾರಿ ಪಾಠವಾಯಿತು. ಬಾನ್‌ಸೋಯ್ ಎಂಬ ಸೋಯಾ ಹಾಲಿಗೆ ರುಚಿಗೆಂದು ಕೊಂಬು ಸಾರ ಸೇರಿಸುತ್ತಿದ್ದರು. ಕುಡಿದವರಲ್ಲಿ ಥೈರಾಯ್ಡ್ ಕೆಟ್ಟವರು ಒಬ್ಬೊಬ್ಬರಾಗಿ ವೈದ್ಯರ ಬಳಿ ಬಂದರು. ಲೋಟವೊಂದರಲ್ಲೇ ಸುರಕ್ಷಿತ ಮಿತಿಯ ಹಲವು ಪಟ್ಟು ಅಯೋಡಿನ್ ಇದ್ದದ್ದು ಪರೀಕ್ಷೆಯಲ್ಲಿ ತಿಳಿಯಿತು. 2009ರ ಕ್ರಿಸ್‌ಮಸ್‌ನ ಮುನ್ನಾದಿನ ಹಾಲನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಲಾಯಿತು. ನೂರಾರು ಜನ ಒಟ್ಟಾಗಿ ಹೂಡಿದ ಮೊಕದ್ದಮೆ 2014ರಲ್ಲಿ 2.5 ಕೋಟಿ ಆಸ್ಟ್ರೇಲಿಯನ್ ಡಾಲರ್ ಪರಿಹಾರದ ರಾಜಿಯಲ್ಲಿ ಮುಗಿಯಿತು. ಡೇವಿಸ್ ಪ್ರಕರಣದಲ್ಲಿ ಇಲ್ಲದ ಒಂದು ಸಂಗತಿ ಇಲ್ಲಿತ್ತು: ಒಳಹೋದದ್ದಕ್ಕೂ ಆದ ಹಾನಿಗೂ ಲೆಕ್ಕ ತಾಳೆಯಾಗುತ್ತಿತ್ತು.

ಭಾರತದಲ್ಲಿರುವವರು ಇನ್ನೊಂದು ಲೆಕ್ಕ ಮಾಡಿಕೊಳ್ಳಬೇಕು. ಮನೆ ತಲುಪುವ ಅಯೋಡಿನ್ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಇರಬೇಕೆಂಬುದು ನಿಯಮ. ದಿನಕ್ಕೆ ಹತ್ತು ಗ್ರಾಂ ಉಪ್ಪು ಎಂದರೆ 150 ಮೈಕ್ರೋಗ್ರಾಂ, ದಿನದ ಅಗತ್ಯ ಸರಿಯಾಗಿ ಪೂರೈಸಿತು. ಉಪ್ಪಿನಕಾಯಿ, ಹಪ್ಪಳ, ಸಾರು ಬಿಡದ ನಮ್ಮ ಊಟದಲ್ಲಿ ಹತ್ತು ಗ್ರಾಂ ದೊಡ್ಡ ಮಾತಲ್ಲ. ತುಂಬಿದ ಕೊಡಕ್ಕೆ ಕೆಲ್ಪ್ ಮಾತ್ರೆ ಸುರಿಯುವುದು ಯಾವ ಕೊರತೆ ನೀಗಲು? ಥೈರಾಯ್ಡ್ ಮಾತ್ರೆ ನುಂಗುತ್ತಿರುವವರು, ಬಸುರಿಯರು, ಬಾಣಂತಿಯರು ಇದನ್ನು ವೈದ್ಯರಿಗೆ ಹೇಳದೆ ಮುಟ್ಟಲೇಬಾರದು. ಡಬ್ಬಿಯ ಮೇಲೆ ಪ್ರತಿ ಮಾತ್ರೆಗೆ ಅಯೋಡಿನ್ ಎಷ್ಟು ಮೈಕ್ರೋಗ್ರಾಂ ಎಂದು ಬರೆದಿಲ್ಲದಿದ್ದರೆ ಅಲ್ಲಿಗೇ ವ್ಯಾಪಾರ ಮುಗಿಸಬಹುದು.

ಈಗ ತೋಟಕ್ಕೆ ಬರೋಣ. 8.5 ಮಿಲಿಗ್ರಾಂ ಸುದ್ದಿ ಓದಿ ಗೊಬ್ಬರ ಚೆಲ್ಲಿದವರಿಗಾಗಿ ಕೆಟ್ಟ ಅಂಕಿಯನ್ನೇ ತೆಗೆದುಕೊಳ್ಳುತ್ತೇನೆ: ಕಿಲೋಗೆ 40 ಮಿಲಿಗ್ರಾಂ ಆರ್ಸೆನಿಕ್ ಇರುವ ಕೆಲ್ಪ್ ಹಿಟ್ಟು. ಚದರ ಮೀಟರ್ ನೆಲಕ್ಕೆ ವರ್ಷಕ್ಕೆ 100 ಗ್ರಾಂ ಹಾಕಿದರೆ ಸೇರುವುದು 4 ಮಿಲಿಗ್ರಾಂ. ಆ ಚದರ ಮೀಟರಿನ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 200 ಕಿಲೋ. ಎಂದರೆ ಮಣ್ಣಿನ ಆರ್ಸೆನಿಕ್ ಕಿಲೋಗೆ 0.02 ಮಿಲಿಗ್ರಾಂ ಏರಿತು. ಮಣ್ಣಿನಲ್ಲಿ ಹುಟ್ಟಿನಿಂದಲೇ ಕಿಲೋಗೆ ಐದು ಮಿಲಿಗ್ರಾಂ ಆಸುಪಾಸು ಇರುವುದು ಸಾಮಾನ್ಯ. ಐವತ್ತು ವರ್ಷ ಬಿಡದೆ ಹಾಕಿದರೆ ಒಂದು ಮಿಲಿಗ್ರಾಂ ಸೇರೀತು. ಅಷ್ಟರೊಳಗೆ ತೋಟ ಮೊಮ್ಮಕ್ಕಳ ಕೈಗೆ ಹೋಗಿರುತ್ತದೆ. ಐರ್ಲೆಂಡಿನ ಆರನ್ ದ್ವೀಪಗಳಲ್ಲಿ ಬೋಳು ಬಂಡೆಯ ಮೇಲೆ ಮರಳು ಮತ್ತು ಕಡಲಕಳೆ ಹರಡಿ ಆಲೂಗಡ್ಡೆ ಬೆಳೆಯುವ ಮಣ್ಣನ್ನೇ ಸೃಷ್ಟಿಸಿದರು.

ಕುಂಡದ ಲೆಕ್ಕ ಬೇರೆ. ಬೆಂಗಳೂರಿನ ತಾರಸಿ ತೋಟದ ಕುಂಡವೊಂದರಲ್ಲಿ ಮಣ್ಣು ಹತ್ತು ಕಿಲೋ. ಅದೇ ಹಿಟ್ಟನ್ನು ಒಂದು ಮುಷ್ಟಿ, ಐವತ್ತು ಗ್ರಾಂ, ಹಾಕಿದರೆ ಕಿಲೋಗೆ 0.2 ಮಿಲಿಗ್ರಾಂ ಏರುತ್ತದೆ. ವರ್ಷಕ್ಕೆರಡು ಮುಷ್ಟಿಯಂತೆ ಹತ್ತು ವರ್ಷ, ಮಣ್ಣು ಬದಲಿಸದೆ, ಹಾಕುತ್ತಾ ಹೋದರೆ ನಾಲ್ಕು ಮಿಲಿಗ್ರಾಂ, ಹೆಚ್ಚುಕಡಿಮೆ ಮೂಲದ ದುಪ್ಪಟ್ಟು. ಇದೂ ನಾಳೆಯೇ ಮಲಗಿಸುವ ಅಂಕಿಯಲ್ಲ. ಆದರೆ ಮುಷ್ಟಿಯ ಬದಲು ಚಮಚ ಬಳಸಲು, ಎರಡು ಮೂರು ವರ್ಷಕ್ಕೊಮ್ಮೆ ಹಳೆಯ ಮಣ್ಣನ್ನು ಹೂಗಿಡಗಳಿಗೆ ಕೊಟ್ಟು ಹೊಸದು ತುಂಬಲು ಇಷ್ಟು ಕಾರಣ ಸಾಕು.

ಮಣ್ಣಿಗೆ ಬಿದ್ದ ಆರ್ಸೆನೋಶುಗರ್ ಅದೇ ರೂಪದಲ್ಲಿ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಸೂಕ್ಷ್ಮಾಣುಗಳು ಅದನ್ನು ಹಂತಹಂತವಾಗಿ ಬಿಡಿಸಿ ಕೊನೆಗೆ ಆರ್ಸೆನೇಟ್ ಮಾಡುತ್ತವೆ. ಕಡಲಕಳೆ ಕಷ್ಟಪಟ್ಟು ಕಟ್ಟಿದ್ದ ಗಂಟು ಇಲ್ಲಿ ಬಿಚ್ಚಿಹೋಗುತ್ತದೆ. ಕಬ್ಬಿಣದ ಆಕ್ಸೈಡ್ ತುಂಬಿದ ಕರಾವಳಿಯ ಜಂಬಿಟ್ಟಿಗೆ, ಕೆಂಪು ಮಣ್ಣಿಗೆ ಆರ್ಸೆನೇಟ್ ಬಿಗಿಯಾಗಿ ಅಂಟಿಕೊಳ್ಳುವುದರಿಂದ ಬೇರಿಗೆ ಸುಲಭವಾಗಿ ದಕ್ಕುವುದಿಲ್ಲ. ನೀರು ನಿಂತ ಗದ್ದೆಯಲ್ಲಿ ಇದು ತಲೆಕೆಳಗು. ಗಾಳಿಯಿಲ್ಲದ ಕೆಸರಿನಲ್ಲಿ ಕಬ್ಬಿಣ ಕರಗಿ ಹಿಡಿದಿದ್ದ ಆರ್ಸೆನಿಕ್ ಬಿಟ್ಟುಕೊಡುತ್ತದೆ, ಭತ್ತ ಅದನ್ನು ಸಿಲಿಕಾನ್ ಹೀರುವ ದಾರಿಯಲ್ಲಿ ಹೀರಿಕೊಳ್ಳುತ್ತದೆ. ಕಡಲಕಳೆಯ ರಾಶಿಯನ್ನು ಬಾಳೆ, ತೆಂಗು, ತರಕಾರಿಯ ಬುಡಕ್ಕೆ ಹಾಕಿ, ಗದ್ದೆಗೆ ಬೇಡ. ಸೊಪ್ಪು ಬೆಳೆಯುವವರು ಆರ್ಸೆನಿಕ್‌ಗಿಂತ ಕ್ಯಾಡ್ಮಿಯಂ ಬಗ್ಗೆ ಕೇಳುವುದು ಜಾಣತನ. ಹುಳಿ ಮಣ್ಣಿನಲ್ಲಿ ಪಾಲಕ್‌ನಂಥ ಸೊಪ್ಪು ಅದನ್ನು ಸಲೀಸಾಗಿ ಎಳೆದುಕೊಳ್ಳುತ್ತದೆ. ಹಾಗೆಂದು ಕಡಲಕಳೆ ಒಂದನ್ನೇ ದೂರಬೇಡಿ, ರಂಜಕದ ರಸಗೊಬ್ಬರದಲ್ಲೂ ಕ್ಯಾಡ್ಮಿಯಂ ಇರುತ್ತದೆ. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶ ನಗರ ಕಾಂಪೋಸ್ಟ್‌ಗೆ ಇಟ್ಟಿರುವ ಮಿತಿ ಕಿಲೋಗೆ ಆರ್ಸೆನಿಕ್ 10, ಕ್ಯಾಡ್ಮಿಯಂ 5, ಸೀಸ 100 ಮಿಲಿಗ್ರಾಂ. ಯಾವ ಚೀಲದ ಪರೀಕ್ಷಾ ವರದಿ ಕೈಗೆ ಬಂದರೂ ಪಕ್ಕದಲ್ಲಿಟ್ಟು ನೋಡಲು ಇದು ಒಳ್ಳೆಯ ಅಳತೆ.

ನರ್ಸರಿಗಳಲ್ಲಿ ಹೆಚ್ಚು ಮಾರಾಟವಾಗುವುದು ಹಿಟ್ಟಲ್ಲ, ಕಪ್ಪು ದ್ರಾವಣ. ಇಲ್ಲಿ ಎರಡು ಕುಲಗಳಿವೆ. ಒಂದು ಕೆನಡಾ, ಐರ್ಲೆಂಡ್, ನಾರ್ವೆ ಕಡೆಯ ಆಸ್ಕೊಫಿಲಮ್ ಎಂಬ ಕಂದು ಕಳೆಯಿಂದ ತೆಗೆದದ್ದು. ಇನ್ನೊಂದು ತಮಿಳುನಾಡಿನ ಮಂಡಪಂ ಸುತ್ತ ತೆಪ್ಪಗಳ ಮೇಲೆ ಬೆಳೆಯುವ ಕಪ್ಪಾಫೈಕಸ್ ಎಂಬ ಕೆಂಪು ಕಳೆಯ ರಸ. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ಹಸಿ ಕಳೆಯನ್ನು ಹಿಂಡಿ ರಸವನ್ನು ಗೊಬ್ಬರಕ್ಕೂ, ಉಳಿದ ಚರಟವನ್ನು ಕ್ಯಾರಗೀನನ್ ಎಂಬ ಆಹಾರ ಗಟ್ಟಿಗೊಳಿಸುವ ಪದಾರ್ಥದ ತಯಾರಿಕೆಗೂ ಬಳಸುವ ವಿಧಾನ ರೂಪಿಸಿತು. ಲೀಟರ್ ನೀರಿಗೆ ಎರಡು ಮೂರು ಎಂಎಲ್ ಬೆರೆಸಿ ಸಿಂಪಡಿಸುವಾಗ ಭಾರಲೋಹದ ಮಾತೇ ಗೌಣ. ಕೆಲವು ಸಾರಗಳನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಬೇಯಿಸಿರುತ್ತಾರೆ, ಅಂಥ ಗಟ್ಟಿ ದ್ರಾವಣ ಕಣ್ಣಿಗೆ ಸಿಡಿದರೆ ಉರಿ ಸಾಮಾನ್ಯದ್ದಲ್ಲ. 2021ರ ಫೆಬ್ರುವರಿಯಿಂದ ಕಡಲಕಳೆ ಸಾರಗಳೂ ಜೈವಿಕ ಉತ್ತೇಜಕಗಳೆಂದು ಅದೇ ನಿಯಂತ್ರಣ ಆದೇಶದ ಅಡಿಗೆ ಬಂದಿವೆ. ತಯಾರಕರ ವಿಳಾಸ, ಕಳೆಯ ಹೆಸರು, ತಯಾರಾದ ದಿನ ಇಲ್ಲದ ಬಾಟಲಿಯಲ್ಲಿ ಇರುವುದು ಬಣ್ಣದ ನೀರೇ ಇದ್ದೀತು.

ದಡಕ್ಕೆ ಬಿದ್ದದ್ದನ್ನು ತಾವೇ ಹೊತ್ತು ತರುವವರಿಗೆ ತಕ್ಷಣದ ತೊಂದರೆ ಕೊಡುವುದು ಉಪ್ಪು. ಎಲೆಯ ಅಂಚು ಕಂದುಗಟ್ಟಿ ಸುರುಟುವುದು, ಕುಂಡದ ಬಾಯಂಚಿನಲ್ಲಿ ಬಿಳಿ ಪದರ ಕೂರುವುದು ಅದರ ಗುರುತು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮಳೆಗಾಲಕ್ಕೆ ಮೊದಲು ರಾಶಿ ಹಾಕಿದರೆ ಮಳೆಯೇ ತೊಳೆದುಕೊಡುತ್ತದೆ. ಕೋಲಾರದಲ್ಲಿ, ತಾರಸಿಯಲ್ಲಿ ಆ ಕೆಲಸ ನೀವೇ ಮಾಡಬೇಕು. ಹಸಿ ರಾಶಿಯನ್ನು ಮುಚ್ಚಿದ ಕೋಣೆಯಲ್ಲಿ ಕೊಳೆಸಬೇಡಿ. ಫ್ರಾನ್ಸಿನ ಬ್ರಿಟನಿ ಕರಾವಳಿಯಲ್ಲಿ 2009ರಲ್ಲಿ ಕೊಳೆತ ಹಸಿರು ಪಾಚಿಯ ರಾಶಿಯಿಂದ ಎದ್ದ ಹೈಡ್ರೋಜನ್ ಸಲ್ಫೈಡ್ ಒಂದು ಕುದುರೆಯನ್ನು ಕೊಂದಿತು, ಸವಾರನ ಪ್ರಜ್ಞೆ ತಪ್ಪಿತು. 2011ರಿಂದ ಕೆರಿಬಿಯನ್ ದಡಗಳಿಗೆ ಗುಡ್ಡೆಗುಡ್ಡೆಯಾಗಿ ಬರುತ್ತಿರುವ ತೇಲುವ ಸರ್ಗಾಸಮ್‌ನಲ್ಲಿ ಆರ್ಸೆನಿಕ್ ಹೆಚ್ಚಿರುವುದರಿಂದ ಅದನ್ನು ಗೊಬ್ಬರ ಮಾಡುವ ಮುನ್ನ ಅಲ್ಲಿನವರು ಹಿಂದೆಮುಂದೆ ನೋಡುತ್ತಿದ್ದಾರೆ.

ಇನ್ನೊಂದು ಪ್ರಶ್ನೆ ಆಗಾಗ ಕೇಳಿಬರುತ್ತದೆ. ತೋಟಕ್ಕೆ ಮಾರುವ ಕೆಲ್ಪ್ ಹಿಟ್ಟಿನ ಚೀಲ ಅಗ್ಗ, ಮಾತ್ರೆಯ ಡಬ್ಬಿ ದುಬಾರಿ, ಒಳಗಿರುವುದು ಒಂದೇ ಕಳೆ, ಚೀಲದಿಂದಲೇ ಒಂದು ಚಮಚ ತಿಂದರೆ ಆಗದೇ? ಆಗದು. ಗೊಬ್ಬರದ ಚೀಲಕ್ಕೆ ಅಯೋಡಿನ್ ಮಿತಿಯೇ ಇಲ್ಲ, ಏಕೆಂದರೆ ಬದನೆಗಿಡಕ್ಕೆ ಥೈರಾಯ್ಡ್ ಇಲ್ಲ. ಚಮಚವೊಂದು ನಾಲ್ಕೈದು ಗ್ರಾಂ ಹಿಡಿಯುತ್ತದೆ, ಡೇವಿಸ್‌ನ ಆ ಮಹಿಳೆ ದಿನವಿಡೀ ನುಂಗುತ್ತಿದ್ದ ನಾಲ್ಕು ಮಾತ್ರೆಗಳಿಗಿಂತ ಹೆಚ್ಚು.